ಕೇಳಿಕೊಂಡು ಆಡಿದ ಬಯಲು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಗನನ್ನು ಸ್ಕೂಲಿಗೆ ಬಿಟ್ಟು ವಾಪಸ್ ಬರುತ್ತಿದ್ದೆ. ಪಬ್ ಎದುರಿನ ದೀಪದ ಕಂಬಕ್ಕೆ ಒಂದು ಹಳದಿ ಕಾಗದ ಕಟ್ಟಿದ್ದರು. ಮಳೆಗೆ ನೆನೆಯದಿರಲಿ ಅಂತ ಪ್ಲಾಸ್ಟಿಕ್ ಕವರ್ ಬೇರೆ. ಇಲ್ಲಿ ಯಾರಾದರೂ ಮನೆ ಕಟ್ಟಲು ಹೊರಟರೆ ಹೀಗೊಂದು ನೋಟಿಸ್ ಬೀಳುತ್ತದೆ. ಸಾಮಾನ್ಯವಾಗಿ ನಾನು ಓದದೆ ಮುಂದೆ ಹೋಗುತ್ತೇನೆ. ಅವತ್ತು ಯಾಕೋ ನಿಂತೆ. ಪಬ್ ಪಕ್ಕದ ಹುಲ್ಲಿನ ಬಯಲಿನಲ್ಲಿ 24 ಕಾರು ನಿಲ್ಲುವಷ್ಟು ಪಾರ್ಕಿಂಗ್ ಮಾಡಲು ಅರ್ಜಿ ಬಂದಿದೆ, ಹೇಳುವುದೇನಾದರೂ ಇದ್ದರೆ 21 ದಿನದೊಳಗೆ ಬರೆದು ತಿಳಿಸಿ ಅಂತ ಇತ್ತು.

ನಾವಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿ. ಬಂದು ಹನ್ನೊಂದು ವರ್ಷವಾಯಿತು. ಒಂದು ಚರ್ಚು, ಒಂದು ಸ್ಕೂಲು, ಒಂದು ಪಬ್ಬು. ಅಂಗಡಿ ಇಲ್ಲ. ಸಂಜೆ ಏಳರ ಮೇಲೆ ಬಸ್ ಇಲ್ಲ. ಆ ಬಯಲು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ ಇರಬಹುದು, ಅಷ್ಟೆ. ಮೂಲೆಯಲ್ಲಿ ಒಂದು ಹಳೇ ಹಾರ್ಸ್ ಚೆಸ್ಟ್‌ನಟ್ ಮರ. ಸೆಪ್ಟೆಂಬರ್ ಕೊನೆಗೆ ಅದರ ಮುಳ್ಳುಕಾಯಿ ಬಿದ್ದು ಒಡೆಯುತ್ತದೆ. ಒಳಗೆ ಹೊಸದಾಗಿ ಪಾಲಿಶ್ ಹೊಡೆದ ಹಾಗೆ ಹೊಳೆಯುವ ಕಂದು ಬೀಜ. ಮಕ್ಕಳು ಅದಕ್ಕೆ ತೂತು ಕೊರೆದು ದಾರ ಪೋಣಿಸಿ, ಒಬ್ಬರದಕ್ಕೆ ಇನ್ನೊಬ್ಬರು ಹೊಡೆದು ಆಡುತ್ತಾರೆ. ಯಾರ ಬೀಜ ಮೊದಲು ಒಡೆಯುತ್ತದೋ ಅವರು ಸೋತರು. ನನ್ನ ಮಗ ಇಲ್ಲಿ ಮೊದಲ ಸ್ನೇಹಿತನನ್ನು ಮಾಡಿಕೊಂಡದ್ದು ಆ ಮರದ ಕೆಳಗೆ. ಇಬ್ಬರಿಗೂ ಆಗ ಐದು ವರ್ಷ.

ಪಬ್ ಅಂದ ಕೂಡಲೇ ನಮ್ಮೂರ ಕಡೆ ಇದನ್ನು ಓದುವವರಿಗೆ ಬಾರ್ ನೆನಪಾಗಬಹುದು. ಹಳ್ಳಿ ಪಬ್ ಬೇರೆ ಥರ. ಅಜ್ಜಂದಿರು ನಾಯಿ ಕರೆದುಕೊಂಡು ಬಂದು ಬೆಂಕಿಗೂಡಿನ ಹತ್ತಿರ ಕೂರುತ್ತಾರೆ. ಭಾನುವಾರ ಮಧ್ಯಾಹ್ನ ಇಡೀ ಸಂಸಾರ ಊಟಕ್ಕೆ ಬರುತ್ತದೆ. ನಮಗೆ ಊರವರ ಪರಿಚಯವಾದದ್ದೂ ಅಲ್ಲೇ, ಹಣ್ಣಿನ ಜ್ಯೂಸ್ ಹಿಡಿದುಕೊಂಡು. ಅದು ಮುಚ್ಚಿದರೆ ಹಳ್ಳಿಗೆ ಜಗಲಿಯೇ ಇಲ್ಲದ ಹಾಗೆ.

ಪಬ್ ನಡೆಸುವವರ ಕಷ್ಟವನ್ನೂ ಹೇಳಲೇಬೇಕು. ಸೂಪರ್‌ಮಾರ್ಕೆಟ್‌ನಲ್ಲಿ ಬಿಯರ್ ಅಗ್ಗ, ಮನೆಯಲ್ಲೇ ಕುಡಿಯುವವರು ಜಾಸ್ತಿ. 2007ರಿಂದ ಒಳಗೆ ಸಿಗರೇಟ್ ಸೇದುವ ಹಾಗಿಲ್ಲ. ಬರೀ ಬಿಯರ್ ಮಾರಿ ಈಗ ಹಳ್ಳಿ ಪಬ್ ಬದುಕುವುದಿಲ್ಲ, ಊಟ ಹಾಕಬೇಕು. ಊಟಕ್ಕೆ ಜನ ಹೊರಗಿನಿಂದ ಬರಬೇಕು, ಬಸ್ ಇಲ್ಲದ ಊರಿಗೆ ಬರುವವರು ಕಾರಲ್ಲೇ ಬರಬೇಕು. ಆ ಕಾರೆಲ್ಲ ನಮ್ಮ ಕಿರಿದಾದ ಬೀದಿಯ ಎರಡೂ ಕಡೆ ನಿಲ್ಲುತ್ತಿತ್ತು. ಪಾರ್ಕಿಂಗ್ ಬೇಕು ಅಂದವರು ದುರಾಸೆಯವರಲ್ಲ. ಆ ಜಾಗದ ಪತ್ರವೂ ಪಬ್ಬಿನದೇ.

ಆದರೂ ಊರಲ್ಲಿ ಯಾರೂ ಅದನ್ನು ಪಬ್ಬಿನ ಜಾಗ ಅನ್ನುತ್ತಿರಲಿಲ್ಲ. 'ನಮ್ಮ ಬಯಲು' ಅನ್ನುತ್ತಿದ್ದರು.

ನೋಟಿಸ್ ಬಿದ್ದ ವಾರವೇ ವಿಲೇಜ್ ಹಾಲ್‌ನಲ್ಲಿ ಸಭೆ ಸೇರಿತು. ಕುರ್ಚಿ ಸಾಲದೆ ಕೆಲವರು ನಿಂತಿದ್ದರು. ಇಪ್ಪತ್ತು ವರ್ಷ ಜೊತೆಗೆ ಕ್ರಿಕೆಟ್ ಆಡಿದ ಇಬ್ಬರು ಅವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗ ನಮ್ಮ ಪಕ್ಕದ ಮನೆಯವರು ಎದ್ದು ನಿಂತರು. ಅವರಿಗೆ 81 ವರ್ಷ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ, ಮನಸ್ಸಲ್ಲಿ ಅವರು ಅಜ್ಜಿಯೇ. ಬೇಸಿಗೆಯಲ್ಲಿ ಆ ಬಯಲಲ್ಲಿ ನಡೆಯುವ ಊರ ಜಾತ್ರೆಯನ್ನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಡೆಸಿದವರು. ಕೇಕ್ ಮೇಜು, ಲಾಟರಿ ಚೀಟಿ, ಹಗ್ಗಜಗ್ಗಾಟ, ಎಲ್ಲ ಅವರದೇ ಉಸ್ತುವಾರಿ.

ಅಜ್ಜಿ ಒಂದು ನೀಲಿ ಫೈಲ್ ತಂದಿದ್ದರು. ಬಯಲು ಊರಿನದು ಅನ್ನುವುದಕ್ಕೆ ಪುರಾವೆ ಇದರಲ್ಲಿದೆ ಅಂದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಪಬ್ಬಿಗೆ ಅವರು ಬರೆದ ಕಾಗದದ ನಕಲು, ಜೊತೆಗೆ ಪಬ್ಬಿನಿಂದ ಬಂದ ಉತ್ತರ. ಮೊದಲಿನವು ಟೈಪ್‌ರೈಟರ್‌ನಲ್ಲಿ ಹೊಡೆದದ್ದು, ಅಂಚು ಹಳದಿಯಾಗಿತ್ತು. 'ಈ ವರ್ಷವೂ ನಿಮ್ಮ ಬಯಲನ್ನು ಬಳಸಿಕೊಳ್ಳಲು ದಯವಿಟ್ಟು ಅನುಮತಿ ಕೊಡಿ.' 'ಖಂಡಿತ ಬಳಸಿಕೊಳ್ಳಿ, ಸಂತೋಷ.' ವರ್ಷ ವರ್ಷವೂ ಇದೇ ಎರಡು ಸಾಲು.

ಊರಲ್ಲಿ ಒಬ್ಬರು ನಿವೃತ್ತ ವಕೀಲರಿದ್ದಾರೆ. ಅವರು ಫೈಲ್ ಇಸಕೊಂಡು ಹಾಳೆ ತಿರುವಿದರು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ನಾವು ಕೇಳಿಬಿಟ್ಟಿದ್ದೇವಲ್ಲ' ಅಂದರು, ಅಷ್ಟೇ.

ನನಗೆ ಅರ್ಥವಾಗಲಿಲ್ಲ. ಸಭೆ ಮುಗಿದ ಮೇಲೆ ಅವರೇ ಬಿಡಿಸಿ ಹೇಳಿದರು. ಇಂಗ್ಲೆಂಡಿನಲ್ಲಿ 2006ರ ಕಾಮನ್ಸ್ ಕಾಯ್ದೆ ಪ್ರಕಾರ, ಒಂದು ಊರಿನ ಸಾಕಷ್ಟು ಜನ ಒಂದು ಜಾಗದಲ್ಲಿ 20 ವರ್ಷ ಆಟ ಆಡಿ, ಓಡಾಡಿ ಬಳಸಿದ್ದರೆ ಅದನ್ನು ವಿಲೇಜ್ ಗ್ರೀನ್, ಅಂದರೆ ಊರಿನ ಬಯಲು ಅಂತ ನೋಂದಾಯಿಸಬಹುದು. ಜಾಗ ಯಾರ ಹೆಸರಲ್ಲಿದ್ದರೂ ಸರಿ. ಆದರೆ ಆ ಬಳಕೆ ಹಕ್ಕಿನಿಂದ ಎಂಬಂತೆ ನಡೆದಿರಬೇಕು. ಬೇಲಿ ಮುರಿದು ನುಗ್ಗಿರಬಾರದು, ಕದ್ದುಮುಚ್ಚಿ ಬಂದಿರಬಾರದು. ಇಷ್ಟು ಯಾರಿಗಾದರೂ ಸರಿ ಅನ್ನಿಸುತ್ತದೆ. ಮೂರನೆಯ ಶರತ್ತೇ ನನ್ನ ಎದೆಗೆ ಚುಚ್ಚಿದ್ದು. ಅನುಮತಿ ಪಡೆದೂ ಬಂದಿರಬಾರದು. ಕೇಳಿ ಬಳಸಿದರೆ ಅದು ಮಾಲೀಕರ ಔದಾರ್ಯ. ಕೇಳದೆ, ಎಲ್ಲರೆದುರಿಗೆ, ಇದು ನಮ್ಮದೇ ಅನ್ನುವ ಹಾಗೆ ಬಳಸಿದರೆ ಮಾತ್ರ ಹಕ್ಕು.

ಅಜ್ಜಿ ಮಾಡಿದ್ದು ಮರ್ಯಾದಸ್ಥರು ಮಾಡುವ ಕೆಲಸ. ನಮ್ಮಮ್ಮನೂ ಹಾಗೇ ಕಲಿಸಿದ್ದು. ಇನ್ನೊಬ್ಬರ ಹಿತ್ತಲಿನ ಕರಿಬೇವು ಕೀಳುವಾಗಲೂ 'ಒಂದೆರಡು ಎಸಳು ತಗೋತೀನಿ ಕಣ್ರೀ' ಅಂತ ಕೂಗಿ ಹೇಳಿಯೇ ಕೀಳಬೇಕು. ಆ ಗುಣವೇ ಊರಿನ ಕೈ ಕಟ್ಟಿಹಾಕಿತು ಅನ್ನುವುದನ್ನು ನನಗೆ ಅವತ್ತು ರಾತ್ರಿ ಅರಗಿಸಿಕೊಳ್ಳಲು ಆಗಲಿಲ್ಲ.

ವಕೀಲರು ಸನ್ನಿಂಗ್‌ವೆಲ್ ಊರಿನ ಕಥೆಯನ್ನೂ ಹೇಳಿದರು. ಆಬಿಂಗ್ಡನ್ ಹತ್ತಿರದ ಹಳ್ಳಿ ಅದು. ಅಲ್ಲಿ ಚರ್ಚಿನ ಆಡಳಿತಕ್ಕೆ ಸೇರಿದ ಸುಮಾರು 10 ಎಕರೆ ಬಯಲಿನ ಒಂದು ಅಂಚಿನಲ್ಲಿ ಎರಡು ಮನೆ ಕಟ್ಟಲು ಹೊರಟಿದ್ದರು. ಊರವರು ಆ ಬಯಲಲ್ಲಿ ನಾಯಿ ಅಡ್ಡಾಡಿಸುತ್ತಿದ್ದರು, ಗಾಳಿಪಟ ಹಾರಿಸುತ್ತಿದ್ದರು, ಬ್ಲ್ಯಾಕ್‌ಬೆರಿ ಕೀಳುತ್ತಿದ್ದರು, ಹಿಮ ಬಿದ್ದಾಗ ಇಳಿಜಾರಿನಲ್ಲಿ ಜಾರುತ್ತಿದ್ದರು. ನಮಗೆ ಹಕ್ಕಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲವಲ್ಲ ಅನ್ನುವುದು ಎದುರು ವಾದ. 1999ರಲ್ಲಿ ಹೌಸ್ ಆಫ್ ಲಾರ್ಡ್ಸ್, ಆಗ ಇಲ್ಲಿನ ಅತಿ ದೊಡ್ಡ ಕೋರ್ಟ್ ಅದೇ, ಊರಿನ ಪರವಾಗಿ ತೀರ್ಪು ಕೊಟ್ಟಿತು. ಮನಸ್ಸಲ್ಲಿ ಏನಿತ್ತು ಅನ್ನುವುದು ಮುಖ್ಯವಲ್ಲ, ಹೇಗೆ ಬಳಸಿದರು ಅನ್ನುವುದು ಮುಖ್ಯ ಅಂದರು ಲಾರ್ಡ್ ಹಾಫ್‌ಮನ್. ನಾಯಿ ಅಡ್ಡಾಡಿಸುವುದು, ಮಕ್ಕಳ ಜೊತೆ ಆಡುವುದು ಇವೇ ಈಗಿನ ಕಾಲದ ವಿಲೇಜ್ ಗ್ರೀನ್‌ನ ಮುಖ್ಯ ಬಳಕೆ ಇರಬಹುದು ಅಂತಲೂ ಹೇಳಿದರು. ಹೀಗೆ ಒಮ್ಮೆ ನೋಂದಣಿಯಾದರೆ 1857 ಮತ್ತು 1876ರ ಎರಡು ಹಳೇ ಕಾಯ್ದೆಗಳ ರಕ್ಷಣೆ ಸಿಗುತ್ತದೆ. ಅಲ್ಲಿ ಪಾರ್ಕಿಂಗ್ ಕಟ್ಟುವ ಮಾತೇ ಏಳುವುದಿಲ್ಲ.

ನಮಗೆ ಇನ್ನೊಂದು ಬಾಗಿಲೂ ಮುಚ್ಚಿತ್ತು. 2013ರಲ್ಲಿ ಬಂದ ಕಾಯ್ದೆ ಪ್ರಕಾರ, ಕಟ್ಟಡದ ಅರ್ಜಿ ಒಮ್ಮೆ ಪ್ರಕಟವಾದರೆ, ಅದು ಇತ್ಯರ್ಥವಾಗುವವರೆಗೆ ಆ ಜಾಗವನ್ನು ಗ್ರೀನ್ ಮಾಡಿ ಅಂತ ಹೊಸದಾಗಿ ಕೇಳುವ ಹಾಗೇ ಇಲ್ಲ. ಅಂದರೆ ಆ ಹಳದಿ ಕಾಗದ ನೋಡಿ ಎಚ್ಚೆತ್ತವರು ಆಗಲೇ ತಡವಾಗಿ ಎದ್ದವರು. ಈ ನಿಯಮ ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ. ದನ ಕಳೆದುಹೋದ ಮೇಲೆ ತಾನೇ ಯಾರಾದರೂ ದನ ಹುಡುಕುವುದು?

ಕೊನೆಗೆ ಉಳಿದದ್ದು ಅರ್ಜಿಗೆ ಆಕ್ಷೇಪ ಬರೆಯುವ ದಾರಿ ಒಂದೇ. ಕಿಟಕಿಯ ನೋಟ ಹೋಗುತ್ತದೆ, ಮನೆ ಬೆಲೆ ಇಳಿಯುತ್ತದೆ ಅಂತ ಬರೆದರೆ ಲೆಕ್ಕಕ್ಕಿಲ್ಲ. ರಸ್ತೆ ಅಪಾಯ, ಮಳೆನೀರು ಹರಿಯುವ ದಾರಿ, ಮರ, ಆಟದ ಜಾಗ ಕಳೆಯುವುದು, ಇಂಥವು ಲೆಕ್ಕಕ್ಕೆ ಬರುತ್ತವೆ. ನಾನೂ ಬರೆದೆ. ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯಿತಿ ಥರದ್ದು, ಬೇಡ ಅಂತ ಬರೆಯಿತು. ಆದರೆ ತೀರ್ಮಾನ ಅವರ ಕೈಯಲ್ಲಿಲ್ಲ, ಅದು ಜಿಲ್ಲಾ ಕೌನ್ಸಿಲ್‌ನದು. ಸಮಿತಿಯ ಮುಂದೆ ಮಾತಾಡಲು ನಮಗೆ ಸಿಕ್ಕಿದ್ದು ಮೂರು ನಿಮಿಷ. ಸ್ಕೂಲಿಗೆ ನಡೆದು ಹೋಗುವ ಮಕ್ಕಳ ಬಗ್ಗೆ ನಾನು ಹೇಳಿದೆ. ಅಜ್ಜಿ ಮುಂದಿನ ಸಾಲಿನಲ್ಲಿ ಆ ನೀಲಿ ಫೈಲನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ತೆರೆಯಲಿಲ್ಲ.

ಅರ್ಜಿ ಪಾಸಾಯಿತು. 24ರ ಬದಲು 16 ಕಾರು. ಮರ ಉಳಿಸಬೇಕು, ಸುತ್ತ ಬೇಲಿಗಿಡ ನೆಡಬೇಕು ಅನ್ನುವ ಶರತ್ತು. ತಿರಸ್ಕಾರವಾಗಿದ್ದರೆ ಅರ್ಜಿ ಹಾಕಿದವರು ಮೇಲ್ಮನವಿ ಹೋಗಬಹುದಿತ್ತು. ಒಪ್ಪಿಗೆ ಸಿಕ್ಕಿದ್ದರ ವಿರುದ್ಧ ಊರವರಿಗೆ ಹಾಗೆ ಮೇಲ್ಮನವಿ ಹಾಕುವ ಅವಕಾಶವಿಲ್ಲ. ಕಟ್ಟುವವರು ಜೀವವೈವಿಧ್ಯವನ್ನು 10 ಪರ್ಸೆಂಟ್ ಹೆಚ್ಚಿಸಬೇಕು ಅಂತ 2024ರಿಂದ ಇಲ್ಲಿ ಒಂದು ನಿಯಮ ಬಂದಿದೆ. ಒಳ್ಳೆಯ ನಿಯಮವೇ. ಆದರೆ ಇಲ್ಲಿ ಹೋದ ಹುಲ್ಲನ್ನು ಇನ್ನೆಲ್ಲೋ ಬೆಳೆಸಿಯೂ ಲೆಕ್ಕ ಸರಿಮಾಡಬಹುದು. ನಮ್ಮ ಮಕ್ಕಳು ಆಡಲು ಅಲ್ಲಿಗೆ ಹೋಗುತ್ತಾರಾ?

ಜುಲೈನಲ್ಲಿ ಡಿಗ್ಗರ್ ಬಂತು. ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಟ್ರೇಲರ್‌ಗೆ ಹಾಕಿದರು. ಎರಡು ದಿನ ಸಾಕಾಯಿತು. ಅಜ್ಜಿ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಚಿತ್ರಾನ್ನ ತೆಗೆದುಕೊಂಡು ಹೋದೆ. 'ತಪ್ಪು ನನ್ನದೇ ಅಲ್ವಾ' ಅಂತ ಕೇಳಿದರು. ಅಲ್ಲ ಅಂತ ಎಷ್ಟು ಸಲ ಹೇಳಿದರೂ ನಂಬಲಿಲ್ಲ.

ಅವತ್ತೇ ಅಪ್ಪನಿಗೆ ಫೋನ್ ಮಾಡಿದೆ. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಗುಂಡುತೋಪಿದೆ. ಹುಣಸೆ, ಹಿಪ್ಪೆ, ಎರಡು ಮುದಿ ಮಾವು. ನಾನು ಜೋಕಾಲಿ ಆಡಿದ ಜಾಗ. 'ಅಪ್ಪಾ, ಪಹಣಿಯಲ್ಲಿ ಅದು ಯಾರ ಹೆಸರಲ್ಲಿದೆ?' ಅಂದೆ. 'ಅದು ಊರದ್ದು ಕಣಮ್ಮ, ಇನ್ಯಾರದ್ದು' ಅಂದರು. 'ನೋಡಿದೀರಾ?' ಅಂದೆ. ಅಪ್ಪ ಸುಮ್ಮನಾದರು. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಮ್ಮಲ್ಲಿ ನಿಯಮವೇ ಇದೆ. ಆ ಗೋಮಾಳ ಎಷ್ಟು ಊರಲ್ಲಿ ಸೈಟಾಗಿದೆ ಅಂತ ನಿಮಗೇ ಗೊತ್ತು. ಮಾರನೇ ವಾರ ಅಪ್ಪ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದರು. ಇನ್ನೂ 'ಸರ್ಕಾರಿ ಗುಂಡುತೋಪು' ಅಂತಲೇ ಇದೆಯಂತೆ. ಅದರ ಫೋಟೋ ಈಗ ನನ್ನ ಫೋನಿನಲ್ಲಿದೆ.

ಇಲ್ಲಿ ನಮ್ಮ ಹಳ್ಳಿಯ ಹೊಳೆ ದಂಡೆಯಲ್ಲಿ ಇನ್ನೊಂದು ಹುಲ್ಲುಗಾವಲಿದೆ. ಅಲ್ಲಿ ಯಾರೂ ಯಾರನ್ನೂ ಕೇಳಿಲ್ಲ, ಯಾರೂ ಬೋರ್ಡ್ ಹಾಕಿಲ್ಲ. ಇನ್ನೂ ಹಳದಿ ಕಾಗದವೂ ಬಿದ್ದಿಲ್ಲ. ಅದನ್ನು ವಿಲೇಜ್ ಗ್ರೀನ್ ಮಾಡಿ ಅಂತ ಕೌಂಟಿ ಕೌನ್ಸಿಲ್‌ಗೆ ಅರ್ಜಿ ಹಾಕಲು ಆ ನಿವೃತ್ತ ವಕೀಲರು ಫಾರ್ಮ್ 44 ತುಂಬುತ್ತಿದ್ದಾರೆ. 1865ರಿಂದ ಇಂಥ ಜಾಗಗಳಿಗಾಗಿ ದುಡಿಯುತ್ತಿರುವ ಓಪನ್ ಸ್ಪೇಸಸ್ ಸೊಸೈಟಿಯನ್ನೂ ಸಲಹೆ ಕೇಳಿದ್ದಾರೆ. ಫಾರ್ಮ್ ಜೊತೆಗೆ ಊರವರ ಸಾಕ್ಷಿ ಹಾಳೆ ಲಗತ್ತಿಸಬೇಕು. ಪಬ್ ಪರವಾಗಿದ್ದವರೂ ಈ ಸಲ ತುಂಬಿಕೊಡುತ್ತಿದ್ದಾರೆ. ಆ ಇಬ್ಬರು ಕ್ರಿಕೆಟ್‌ನವರದೂ ಬಂದಿದೆ.

ನಿನ್ನೆ ಸಂಜೆ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ಕೂತು ಅವರ ಹಾಳೆ ತುಂಬಿದರು. ಯಾವಾಗಿನಿಂದ ಬಳಸುತ್ತಿದ್ದೀರಿ? 1968. ಏನು ಮಾಡುತ್ತಿದ್ದಿರಿ? ಅದಕ್ಕೆ ಅರ್ಧ ಪುಟ ಬರೆದರು. ಮೀನು ಹಿಡಿದದ್ದು, ಮೂರು ಮಕ್ಕಳಿಗೆ ನಡಿಗೆ ಕಲಿಸಿದ್ದು, ಗಂಡ ಹೋದ ವರ್ಷ ದಿನಾ ಒಬ್ಬರೇ ಸುತ್ತಿದ್ದು. ಆಮೇಲೆ ಆ ಪ್ರಶ್ನೆ ಬಂತು. ಯಾವಾಗಲಾದರೂ ಯಾರನ್ನಾದರೂ ಅನುಮತಿ ಕೇಳಿದ್ದೀರಾ? ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ದೊಡ್ಡ ಅಕ್ಷರದಲ್ಲಿ 'ಇಲ್ಲ' ಅಂತ ಬರೆದು, ಕೆಳಗೆ ಒಂದು ಗೆರೆ ಎಳೆದರು.