ಯೂಟ್ಯೂಬಿನಲ್ಲಿ ಉಂಟಲ್ಲ, ಪುನಃ ಯಾಕೆ ತಂದದ್ದು?

ಕಾಸರಗೋಡಿನ ಬದಿಯಡ್ಕದ ನನ್ನ ಟಿ.ವಿ. ರಿಪೇರಿ ಅಂಗಡಿಗೆ ಬಂದವರು ಗೋಡೆಯ ಕಪಾಟು ನೋಡಿ ಕೇಳುವ ಪ್ರಶ್ನೆ ಒಂದೇ: "ಹಳೆ ಸಿನಿಮಾ ಎಲ್ಲ ಯೂಟ್ಯೂಬಿನಲ್ಲಿ ಉಂಟಲ್ಲ ಮಾರಾಯ್ರೆ, ದುಡ್ಡು ಕೊಟ್ಟು ಪುನಃ ಪುನಃ ಯಾಕೆ ತರುವುದು?" ಒಂದೇ ಚಿತ್ರ ಅಲ್ಲಿ ವಿಡಿಯೊ ಕ್ಯಾಸೆಟ್, ವಿಸಿಡಿ ಡಿಸ್ಕ್, ಡಿವಿಡಿ ಡಿಸ್ಕ್ ಹೀಗೆ ಮೂರು ರೂಪದಲ್ಲಿ ಕೂತಿರುವುದು ಅವರ ಕಣ್ಣಿಗೆ ಬೀಳುತ್ತದೆ. ಮಲೆಯಾಳ ಮೀಡಿಯಂನಲ್ಲಿ ಕಲಿತ ಅಕ್ಕನ ಮಗಳದ್ದೂ ಅದೇ ಪ್ರಶ್ನೆ. ಸೋಲ್ಡರಿಂಗ್ ಮಾಡುತ್ತಾ ಕೊಡುವಷ್ಟು ಸಣ್ಣ ಉತ್ತರ ಅದಲ್ಲ.

ಬೆಂಗಳೂರಿನವರಿಗೆ ಕ್ಯಾಸೆಟ್ ಎಂದರೆ ಥಿಯೇಟರಿನಲ್ಲಿ ನೋಡಿ ಬಂದದ್ದನ್ನು ಮನೆಯಲ್ಲಿ ಇನ್ನೊಮ್ಮೆ ನೋಡುವುದು. ನಮಗೆ ಹಾಗಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ಇಲ್ಲಿಯ ಟಾಕೀಸಿನ ಪೋಸ್ಟರುಗಳಲ್ಲಿ ಮಲೆಯಾಳವೇ ಹೆಚ್ಚು. ಆ ಚಿತ್ರಗಳ ಮೇಲೆ ನನಗೆ ಮುನಿಸಿಲ್ಲ, ಅವನ್ನು ನೋಡಿಯೇ ಬೆಳೆದವನು ನಾನು. ಆದರೆ ರಾಜಕುಮಾರ್ ಬೇಕೆಂದರೆ ಮಂಗಳೂರಿನ ಬಸ್ಸು ಹತ್ತಬೇಕು, ಮ್ಯಾಟಿನಿ ತಪ್ಪಿ ಫಸ್ಟ್ ಶೋಗೆ ಹೋದರೆ ಹಿಂದೆ ಬರುವ ಬಸ್ಸಿನ ಖಾತ್ರಿ ಇಲ್ಲ. ಹಾಗಾಗಿ 'ಗೆಜ್ಜೆ ಪೂಜೆ', 'ಬಂಗಾರದ ಮನುಷ್ಯ', 'ಶರಪಂಜರ' ಎಲ್ಲವನ್ನೂ ನಾನು ಮೊದಲ ಸಲ ನೋಡಿದ್ದೇ ಬಾಡಿಗೆಯ ವಿಸಿಪಿಯಲ್ಲಿ, ಅಂದರೆ ಕ್ಯಾಸೆಟ್ ಹಾಕಿ ನೋಡುವ ಯಂತ್ರದಲ್ಲಿ. ಶನಿವಾರ ರಾತ್ರಿ ಮೂರು ಕ್ಯಾಸೆಟ್ ತಂದರೆ ಬೆಳಗಿನವರೆಗೆ ನೆರೆಕರೆಯವರೆಲ್ಲ ನಮ್ಮ ಚಾವಡಿಯಲ್ಲಿ. ಮಳೆಗಾಲದಲ್ಲಿ ಕ್ಯಾಸೆಟಿಗೆ ಬೂಷ್ಟು ಹಿಡಿಯುತ್ತಿತ್ತು. ಅಂಥದ್ದನ್ನು ಹಾಕಿದರೆ ಟೇಪನ್ನು ಓದುವ ಹೆಡ್ ಕಟ್ಟಿಕೊಂಡು ತೆರೆಯ ತುಂಬ ಬಿಳಿ ಗೆರೆ. ಹೆಡ್ ಒರೆಸಲು ಅಂದು ಕಲಿತದ್ದೇ ಮುಂದೆ ನನ್ನ ಕಸುಬಾಯಿತು. ಆ ಗೆರೆಗಳ ಹಿಂದೆ ಇರುವ ಚಿತ್ರ ನಿಜಕ್ಕೂ ಹೇಗಿದೆ ಎಂದು ಒಮ್ಮೆ ನೋಡಬೇಕೆಂಬ ಆಸೆ ಹುಟ್ಟಿದ್ದೂ ಅಲ್ಲೇ.

ಆಮೇಲೆ ವಿಸಿಡಿ ಬಂತು. ಗೆರೆ ಹೋಯಿತು, ಚೌಕಚೌಕ ಚುಕ್ಕಿ ಬಂತು. ವಿಸಿಡಿಯ ಚಿತ್ರದ ಅಳತೆ 352×288, ಡಿವಿಡಿಯದ್ದು 720×576. ಅಂದರೆ ಚುಕ್ಕಿಗಳ ಲೆಕ್ಕದಲ್ಲಿ ನಾಲ್ಕು ಪಟ್ಟು. 2007ರ ಸುಮಾರಿಗೆ ಡಿಸ್ಕ್ ಕಂಪನಿ ಮೋಸರ್ ಬೇರ್‌ನವರು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ನನ್ನ ಕಪಾಟು ತುಂಬಿತು. ರಾಜಕುಮಾರ್ ಪಂಚೆಯ ನೆರಿಗೆ ಹಿಂದಿನ ಬಿಳಿ ಗೋಡೆಯಿಂದ ಬೇರೆಯಾಗಿ ಕಂಡ ದಿನ ಒಂದೇ ದೃಶ್ಯವನ್ನು ಐದು ಸಲ ಹಾಕಿ ನೋಡಿದ್ದೆ.

ಹೊಸ ಆವೃತ್ತಿ ಬಂದಿದೆ ಎಂದು ಗೊತ್ತಾದ ಕೂಡಲೇ ನನಗೆ ಎದೆ ಹಗುರವಾಗುತ್ತದೆ, ಜೊತೆಗೇ ಹೆದರಿಕೆಯೂ ಆಗುತ್ತದೆ. ಇದರಲ್ಲಿ ಏನು ಕತ್ತರಿಸಿದ್ದಾರೋ ಎಂದು. 'ನಾಗರಹಾವು' 2018ರಲ್ಲಿ ಹೊಸ ಧ್ವನಿಯೊಂದಿಗೆ, ಅಗಲ ಪರದೆಯ ಸಿನಿಮಾಸ್ಕೋಪ್ ಅಳತೆಯಲ್ಲಿ ಪುನಃ ತೆರೆಗೆ ಬಂದಾಗ ಮಂಗಳೂರಿಗೆ ಓಡಿ ಹೋಗಿ ನೋಡಿದವನು ನಾನು. ಆದರೆ ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಎಳೆದು ಹಿಗ್ಗಿಸದೆ ಅದನ್ನು ಸ್ಕೋಪಿನ ಅಗಲಕ್ಕೆ ತುಂಬಿಸಬೇಕಾದರೆ ಎತ್ತರದಲ್ಲಿ ಹತ್ತಕ್ಕೆ ನಾಲ್ಕು ಪಾಲು ಬಿಡಲೇಬೇಕು. 'ನಾಗರಹಾವು'ವಿನಲ್ಲಿ ಬರುವ ಚಿತ್ರದುರ್ಗದ ಬಂಡೆಗಳಿಗೆ ಎತ್ತರವೇ ಇಲ್ಲದಿದ್ದರೆ ಇನ್ನೇನು ಉಳಿಯಿತು? ಬಣ್ಣದ ವಿಷಯದಲ್ಲೂ ನನ್ನದು ಇದೇ ಮಾತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂತು, ಹೊಸಬರು ನೋಡಿದರು, ಸಂತೋಷ. ಅದರ ಜೊತೆಯಲ್ಲೇ ಕಪ್ಪು ಬಿಳುಪನ್ನೂ ಅಷ್ಟೇ ಚೆನ್ನಾಗಿ ತೊಳೆದು ಕೊಡಿ ಎಂದು ಕೇಳುವ ಹಕ್ಕು ನನಗುಂಟು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ (1977) ಅಂಥ ಯೋಗ ಬಂತು. ಪುಣೆಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವಿನಿಂದ ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ನೆಗೆಟಿವ್ ಉಳಿದದ್ದರಿಂದ ಆಯಿತು. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಇಲ್ಲ.

ಇನ್ನು ಯೂಟ್ಯೂಬಿನ ಮಾತು. ಅಲ್ಲಿ ನನಗೆ ಸಿಕ್ಕ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ಅದೇ ವಿಸಿಡಿಯಿಂದ ಏರಿಸಿದವು, ಅಗಲಕ್ಕೆ ಎಳೆದು ಮುಖಗಳೆಲ್ಲ ದಪ್ಪ. ವಿಸಿಡಿಯಲ್ಲಿ ಇಲ್ಲದ್ದು ಅಲ್ಲಿಗೆ ಎಲ್ಲಿಂದ ಬರಬೇಕು?

ಇದು ನನಗೆ ಮನೆಯಲ್ಲೇ ಮನದಟ್ಟಾಯಿತು. ಅಮ್ಮ ಮದುವೆಗೆ ಮೊದಲು ಪುತ್ತೂರಿನ ಕಡೆ ಟೆಂಟಿನಲ್ಲಿ ಒಂದು ಕಪ್ಪು ಬಿಳುಪು ಚಿತ್ರ ನೋಡಿದ್ದರು. (ಚಿತ್ರದ ಹೆಸರು ಹೇಳಿದರೆ ವಿಸಿಡಿ ಮಾಡಿದವರ ಹೆಸರನ್ನೂ ಹೇಳಿದಂತಾಗುತ್ತದೆ, ಬೇಡ.) ಅದರಲ್ಲಿ ಮದುವೆ ನಿಂತುಹೋದ ರಾತ್ರಿ ಹುಡುಗಿಯ ತಾಯಿ ಒಬ್ಬಳೇ ಕೂತು ಕಟ್ಟಿದ ಮಾಲೆಯನ್ನು ಬಿಚ್ಚುತ್ತಾಳೆ, ಒಂದೊಂದೇ ಹೂ ತೆಗೆದು ಪುನಃ ಬುಟ್ಟಿಗೆ ಹಾಕುತ್ತಾಳೆ, ಮಾತೇ ಇಲ್ಲ ಎಂದು ಅಮ್ಮ ಎಷ್ಟೋ ಸಲ ಹೇಳುತ್ತಿದ್ದರು. ಹೇಳುವಾಗ ಅವರ ಹೆಬ್ಬೆರಳು, ತೋರುಬೆರಳು ಸೆರಗಿನ ತುದಿಯಲ್ಲಿ ಆ ನೂಲನ್ನೇ ಬಿಡಿಸುತ್ತಿದ್ದವು. ನಾನು ತಂದ ವಿಸಿಡಿಯಲ್ಲಿ ಅದು ಇರಲಿಲ್ಲ. "ಬೇರೆ ಸಿನಿಮಾ ಇರಬೇಕಮ್ಮ, ನಿಮಗೆ ಮರೆತಿದೆ" ಎಂದುಬಿಟ್ಟೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ.

ಅಮ್ಮ ತೀರಿಹೋದ ಮೇಲೆ ಒಂದು ದಿನ ಆ ವಿಸಿಡಿ ಹಾಕಿದಾಗ ಮೊದಲಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟಿನ ಮೇಲೆ ಕಣ್ಣು ಹೋಯಿತು. ಉದ್ದ ಸುಮಾರು 4,400 ಮೀಟರ್. 35 ಎಂಎಂ ರೀಲು ನಿಮಿಷಕ್ಕೆ 27.4 ಮೀಟರಿನಂತೆ ಓಡುತ್ತದೆ, ಭಾಗಿಸಿದರೆ 160 ನಿಮಿಷ. ವಿಸಿಡಿ ಒಂದರಲ್ಲಿ ಹಿಡಿಯುವುದು 74 ನಿಮಿಷ, ಎರಡಕ್ಕೆ 148. ಮೂರನೆಯ ಡಿಸ್ಕಿನ ಖರ್ಚು ಉಳಿಸಲು ಹನ್ನೆರಡು ನಿಮಿಷ ಕತ್ತರಿಸಿದ್ದರು. ಮಾತಿಲ್ಲದ ದೃಶ್ಯವನ್ನೇ ಅಲ್ಲವೇ ಮೊದಲು ಕತ್ತರಿಸುವುದು.

ಆ ಚಿತ್ರ ಡಿವಿಡಿಯಲ್ಲಿ ಮತ್ತೆ ಬಂದಾಗ ಪೊಟ್ಟಣದ ಹಿಂಬದಿಯಲ್ಲಿ 160 ನಿಮಿಷ ಎಂದು ನೋಡಿ ಅಂಗಡಿಯ ಶಟರ್ ಅರ್ಧ ಎಳೆದು ಕೂತೆ. ಮಾಲೆ ಇತ್ತು. ಬುಟ್ಟಿಯೂ ಇತ್ತು. ಹೂ ಸೇವಂತಿಗೆ ಎಂದು ಅಮ್ಮ ಹೇಳಿರಲಿಲ್ಲ, ಈಗ ಎಸಳು ಎಸಳಾಗಿ ಕಾಣುತ್ತಿತ್ತು. ನೂಲು ಬಿಡಿಸುವ ಬೆರಳು ಮಾತ್ರ ಅಮ್ಮ ತೋರಿಸಿದ ಹಾಗೆಯೇ.

ಅಕ್ಕನಿಗೆ ಫೋನ್ ಮಾಡಿ "ಅಮ್ಮ ಹೇಳಿದ್ದು ಸರಿ" ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹೂ ಬಿಚ್ಚುವುದಲ್ಲವಾ?" ಎಂದಳು. ಮರುದಿನ ಅವಳ ಮಗಳು ಅಂಗಡಿಗೆ ಬಂದು, "ಮಾವ, ಅಜ್ಜಿಯ ಸಿನಿಮಾ ಕೊಡಿ" ಎಂದಳು. ಅವಳ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಯರಿನ ಧೂಳು ಒರೆಸಿ, ವಯರ್ ಸುತ್ತಿ, ಅದನ್ನೂ ಚೀಲದಲ್ಲಿ ಹಾಕಿ ಕೊಟ್ಟೆ.