ಒಂದೇ ಹಾರ್ಮೋನಿನ ಹಿಂದೆ 22 ವರ್ಷ

ಅಮೆರಿಕದ ಜೀವರಸಾಯನ ವಿಜ್ಞಾನಿ ಯೂಜೀನ್ ಗೋಲ್ಡ್‌ವಾಸರ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನ ಅವರ ಹೆಸರೇ ಕೇಳಿಲ್ಲ, ಆದರೆ ಆ ರೋಗಿಗಳು ರಕ್ತಹೀನತೆಗೆ ತೆಗೆದುಕೊಳ್ಳುವ ಇಪಿಓ ಇಂಜೆಕ್ಷನ್ ಹಿಂದೆ ಇರುವುದು ಈ ಮನುಷ್ಯನ ದುಡಿಮೆ.

ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಕಿಡ್ನಿಗೆ ಗೊತ್ತಾಗುತ್ತದೆ. ಆಗ ಅದು ಎರಿತ್ರೊಪೊಯೆಟಿನ್ (ಚಿಕ್ಕದಾಗಿ ಇಪಿಓ) ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಆ ಹಾರ್ಮೋನು ಮೂಳೆಮಜ್ಜೆಗೆ ಹೋಗಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ಆಮ್ಲಜನಕ ಸರಿಹೋದ ಮೇಲೆ ಕಿಡ್ನಿ ಮತ್ತೆ ಸುಮ್ಮನಾಗುತ್ತದೆ. ಕಿಡ್ನಿ ಕೆಟ್ಟವರಿಗೆ ರಕ್ತಹೀನತೆ ಬರುವುದಕ್ಕೆ ಮುಖ್ಯ ಕಾರಣವೇ ಈ ಹಾರ್ಮೋನಿನ ಕೊರತೆ.

ಗೋಲ್ಡ್‌ವಾಸರ್ ಇದರ ಬೆನ್ನು ಹತ್ತಿದ್ದು 1955ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಇಂಥದ್ದೊಂದು ವಸ್ತು ಇರಬೇಕು ಅನ್ನುವ ಊಹೆ ಇತ್ತು, ಎಲ್ಲಿ ತಯಾರಾಗುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಲಿಯಾನ್ ಜೇಕಬ್ಸನ್ ಮತ್ತು ಇವರ ತಂಡ ಇಲಿಗಳಲ್ಲಿ ಒಂದೊಂದೇ ಅಂಗ ತೆಗೆದು ನೋಡಿತು. ಬೇರೆ ಅಂಗ ತೆಗೆದಾಗ ಹಾರ್ಮೋನು ಬರುತ್ತಿತ್ತು, ಕಿಡ್ನಿ ತೆಗೆದಾಗ ನಿಂತುಹೋಯಿತು. ಇದು ಪ್ರಕಟವಾಗಿದ್ದು 1957ರಲ್ಲಿ. ಎಷ್ಟು ಸರಳವಾದ ಪ್ರಯೋಗ, ಅಲ್ವಾ?

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ರಕ್ತದಲ್ಲಿ ಈ ಹಾರ್ಮೋನು ಇರುವುದೇ ಚೂರುಪಾರು, ಶುದ್ಧವಾಗಿ ಬೇರ್ಪಡಿಸಬೇಕು ಅಂದರೆ ಎಲ್ಲಿಂದ ತರುವುದು? ವರ್ಷಗಟ್ಟಲೆ ರಕ್ತಹೀನತೆ ಬರಿಸಿದ ಕುರಿಗಳ ರಕ್ತದ ಮೇಲೆ ಕೆಲಸ ನಡೆಯಿತು. ಕೊನೆಗೆ ದಾರಿ ತೋರಿಸಿದ್ದು ಜಪಾನಿನ ವಿಜ್ಞಾನಿ ತಕಾಜಿ ಮಿಯಾಕೆ. ಅಪ್ಲಾಸ್ಟಿಕ್ ಅನೀಮಿಯಾ (ಮೂಳೆಮಜ್ಜೆ ಸಾಕಷ್ಟು ರಕ್ತಕಣ ತಯಾರಿಸದ ಕಾಯಿಲೆ) ಇದ್ದವರ ಮೂತ್ರದಲ್ಲಿ ಈ ಹಾರ್ಮೋನು ಹೆಚ್ಚು ಇರುತ್ತದೆ, ಯಾಕೆಂದರೆ ಕಿಡ್ನಿ ಕೂಗುತ್ತಲೇ ಇರುತ್ತದೆ, ಕೇಳಿಸಿಕೊಳ್ಳಬೇಕಾದ ಮಜ್ಜೆಯೇ ಕೆಟ್ಟಿರುತ್ತದೆ. ಅಂಥ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರವನ್ನು ಒಣಗಿಸಿ, ಗಟ್ಟಿಮಾಡಿ ಮಿಯಾಕೆ ಶಿಕಾಗೋಗೆ ತಂದರು. ಅದರಿಂದ 1977ರಲ್ಲಿ ಸಿಕ್ಕ ಶುದ್ಧ ಹಾರ್ಮೋನು ಕೆಲವೇ ಮಿಲಿಗ್ರಾಂ! ಅಷ್ಟಕ್ಕಾಗಿ 22 ವರ್ಷ. ಇಷ್ಟು ಕಾಲ ಒಂದೇ ಪ್ರಶ್ನೆ ಹಿಡಿದು ಕೂರುವುದಕ್ಕೆ ಬಿಟ್ಟ ವ್ಯವಸ್ಥೆಯ ಬಗ್ಗೆಯೂ ನನಗೆ ಗೌರವವಿದೆ, ಬೇಗ ಫಲಿತಾಂಶ ಕೊಡಿ ಅಂತ ಒತ್ತಾಯಿಸಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಆ ಶುದ್ಧ ಹಾರ್ಮೋನಿನ ನೆರವಿನಿಂದಲೇ ಆಮ್‌ಜೆನ್ ಕಂಪನಿಯ ಫು-ಕುಯೆನ್ ಲಿನ್ 1983ರಲ್ಲಿ ಅದರ ಜೀನ್ ಹಿಡಿದರು. ಆ ಜೀನ್ ಬಳಸಿ ತಯಾರಿಸಿದ ಔಷಧಿಗೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಡಯಾಲಿಸಿಸ್ ರೋಗಿಗಳಲ್ಲಿ ಅನೇಕರಿಗೆ ಪದೇ ಪದೇ ರಕ್ತ ಹಾಕಿಸಬೇಕಿತ್ತು, ಅದರಿಂದ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ತೊಂದರೆ ಬೇರೆ. ಗೋಲ್ಡ್‌ವಾಸರ್ 2010ರಲ್ಲಿ ತೀರಿಕೊಂಡರು, ನೊಬೆಲ್ ಅವರಿಗೆ ಬರಲಿಲ್ಲ.

ಆದರೆ ಕಥೆ ಮುಂದುವರಿಯಿತು. ಕಿಡ್ನಿಗೆ ಆಮ್ಲಜನಕ ಕಡಿಮೆಯಾಗಿದ್ದು ಹೇಗೆ ಗೊತ್ತಾಗುತ್ತದೆ? ಇದೇ ಹಾರ್ಮೋನಿನ ಜೀನ್ ಹಿಡಿದು ಉತ್ತರ ಹುಡುಕಿದವರಲ್ಲಿ ಗ್ರೆಗ್ ಸೆಮೆನ್ಜಾ ಮತ್ತು ಕಿಡ್ನಿ ವೈದ್ಯ ಪೀಟರ್ ರ‍್ಯಾಟ್‌ಕ್ಲಿಫ್ ಮುಖ್ಯರು, ವಿಲಿಯಂ ಕೇಲಿನ್ ಜೊತೆ 2019ರ ನೊಬೆಲ್ ಅವರಿಗೆ ಸಿಕ್ಕಿತು. ಈಗ ದೇಹವೇ ಈ ಹಾರ್ಮೋನನ್ನು ಜಾಸ್ತಿ ತಯಾರಿಸುವಂತೆ ಮಾಡುವ ಮಾತ್ರೆಗಳೂ ಬಂದಿವೆ.