ಬ್ರೇಕರ್‌ಗೆ ವೋಲ್ಟೇಜ್ ಕಾಣುವುದಿಲ್ಲ

"ಬ್ರೇಕರ್ ಇತ್ತಲ್ಲ, ಅದು ಯಾಕೆ ಟ್ರಿಪ್ ಆಗಲಿಲ್ಲ?"

ಸುಟ್ಟುಹೋದ ಟಿವಿ, ಮೈಕ್ರೋವೇವ್ ಮುಂದೆ ನಿಂತು ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಇದರ ಉತ್ತರ ಒಮ್ಮೆ ಸರಿಯಾಗಿ ತಲೆಗೆ ಹೋದರೆ ಗಾಡಿಯ ಅರ್ಧ ಸಾಮಾನು ಉಳಿಯುತ್ತದೆ, ಕೆಲವು ಸಲ ಜೀವವೂ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅರಿಜೋನಾದಲ್ಲಿ ಆರ್‌ವಿ ರಿಪೇರಿ ಕೆಲಸದಲ್ಲಿದ್ದೇನೆ. ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ, ಕೆನಡಾದಿಂದ ನಿವೃತ್ತರು ಇಂಥ ಗಾಡಿಗಳಲ್ಲಿ ಯೂಮಾ, ಕ್ವಾರ್ಟ್‌ಸೈಟ್ ಕಡೆ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಬೇಸಿಗೆಯಲ್ಲಿ ರಜೆಯವರ ಸರದಿ. ಊರಿಂದ ಬಂದ ಅಪ್ಪ-ಅಮ್ಮನನ್ನು ಗ್ರಾಂಡ್ ಕ್ಯಾನಿಯನ್‌ಗೆ ಕರೆದುಕೊಂಡು ಹೋಗಲು ಆರ್‌ವಿ ಬಾಡಿಗೆಗೆ ತೆಗೆದುಕೊಳ್ಳುವ ಕನ್ನಡದವರೂ ಆಗಾಗ ಸಿಗುತ್ತಾರೆ.

ಕ್ಯಾಂಪ್‌ಗ್ರೌಂಡಿನಲ್ಲಿ ಪ್ರತಿ ಸೈಟಿಗೂ ಸೊಂಟದೆತ್ತರದ ಒಂದು ಕರೆಂಟ್ ಪೆಟ್ಟಿಗೆ ಇರುತ್ತದೆ. ಇಲ್ಲಿ ಅದಕ್ಕೆ ಪೆಡೆಸ್ಟಲ್ ಅನ್ನುತ್ತಾರೆ; ಮುಂದೆ ನಾನು ಕಂಬ ಅನ್ನುವುದೂ ಇದನ್ನೇ. ದೊಡ್ಡ ಪೆಟ್ಟಿಗೆಗಳಲ್ಲಿ 20, 30, 50 ಆಂಪ್‌ನ ಮೂರು ಬಗೆಯ ಸಾಕೆಟ್ ಇರುತ್ತವೆ. 30 ಆಂಪ್‌ನದಕ್ಕೆ ಮೂರು ಪಿನ್: ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್. ಸಿಗುವುದು 120 ವೋಲ್ಟ್, ಅಂದರೆ 3,600 ವಾಟ್. 50 ಆಂಪ್‌ನದಕ್ಕೆ ನಾಲ್ಕು ಪಿನ್, ಅದರಲ್ಲಿ ಫೇಸ್ ಎರಡು. ಪ್ರತಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಫೇಸ್‌ಗಳ ನಡುವೆ 240. ಎರಡೂ ಕಡೆ ಸೇರಿ 12,000 ವಾಟ್. ಆದ್ದರಿಂದ ದೊಡ್ಡ ಗಾಡಿಗಳೆಲ್ಲ 50 ಆಂಪ್‌ನವು.

ಬ್ರೇಕರ್ ಕಾಯುವುದು ವೈರನ್ನು. ವೈರಿನಲ್ಲಿ ಮಿತಿ ಮೀರಿ ಆಂಪ್ ಹರಿದರೆ ಅದು ಬೀಳುತ್ತದೆ. ವೋಲ್ಟೇಜ್ 90 ಇರಲಿ, 200 ಇರಲಿ, ಆಂಪ್ ಮಿತಿಯೊಳಗಿದ್ದರೆ ಅದು ಸುಮ್ಮನಿರುತ್ತದೆ. ಅದರ ಕೆಲಸ ಅಷ್ಟೇ, ಅದನ್ನು ಅದು ಸರಿಯಾಗಿಯೇ ಮಾಡುತ್ತದೆ.

ಒಂದು ಸಲ ಗಂಡ-ಹೆಂಡತಿ ಇಬ್ಬರು ಮಧ್ಯಾಹ್ನ ಫೋನ್ ಮಾಡಿ ಕರೆದರು. ಗಂಡ ಹೇಳಿದ್ದು, ಎಸಿ ಹಾಕಿದರೆ ಗುಂಯ್ ಅನ್ನುತ್ತೆ, ಶುರುವಾಗಲ್ಲ. ಹೆಂಡತಿ ಹೇಳಿದ್ದು ಅದಕ್ಕಿಂತ ಮುಖ್ಯವಾದ ಮಾತು: "ಅವರು ಎಸಿ ಹಾಕಿದಾಗಲೆಲ್ಲ ಇಲ್ಲಿ ನನ್ನ ಟೇಬಲ್ ಫ್ಯಾನ್ ಜೋರಾಗಿ ತಿರುಗುತ್ತೆ." ಅಷ್ಟು ಕೇಳಿದ ತಕ್ಷಣ ಕಂಬದ ಬ್ರೇಕರ್ ಆಫ್ ಮಾಡಿಸಿದೆ. ಹೋಗುವಷ್ಟರಲ್ಲಿ ಟಿವಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಪಾರ್ಕಿನ ಕೆಲಸದವನು ಮೇನ್ ಇಳಿಸಿ ಪೆಟ್ಟಿಗೆ ಬಿಚ್ಚಿದ. ನ್ಯೂಟ್ರಲ್ ವೈರಿನ ಪ್ಲಾಸ್ಟಿಕ್ ಎರಡು ಬೆರಳಿನಷ್ಟು ಉದ್ದ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಹಿಡಿದ ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು.

50 ಆಂಪ್ ಗಾಡಿಯಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ಏನಾಗುತ್ತದೆ ನೋಡಿ. ಒಂದು ಫೇಸ್ ಮೇಲೆ 1,500 ವಾಟಿನ ಎಸಿ ಇದೆ ಅಂದುಕೊಳ್ಳಿ. ಇನ್ನೊಂದರ ಮೇಲೆ ಟಿವಿ, ಫ್ಯಾನ್, ಚಾರ್ಜರ್ ಸೇರಿ 300 ವಾಟ್. ನ್ಯೂಟ್ರಲ್ ಇದ್ದಾಗ ಇಬ್ಬರಿಗೂ 120 ವೋಲ್ಟ್. ನ್ಯೂಟ್ರಲ್ ಹೋದ ಕ್ಷಣ ಇವೆಲ್ಲ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಸೇರಿಕೊಂಡು 240 ವೋಲ್ಟನ್ನು ಹಂಚಿಕೊಳ್ಳುತ್ತವೆ. ಸಮಪಾಲಲ್ಲ. ಲೆಕ್ಕ ಹಾಕಿದರೆ ಎಸಿಗೆ ಸುಮಾರು 40 ವೋಲ್ಟ್, ಟಿವಿ ಕಡೆಗೆ ಸುಮಾರು 200. ದೊಡ್ಡ ಲೋಡ್ ಸೊರಗುತ್ತದೆ, ಸಣ್ಣ ಲೋಡ್ ಸುಡುತ್ತದೆ. ಆಂಪ್ ಮಾತ್ರ ಎಲ್ಲೂ 50ರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಬ್ರೇಕರ್ ಬೀಳುವುದಿಲ್ಲ.

ನಮ್ಮೂರಿನವರಿಗೆ ಇದು ಹೊಸದಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲ್ ಕಟ್ ಆಗಿ ಬೀದಿಯ ಮನೆಗಳ ಟಿವಿ, ಬಲ್ಬ್ ಸುಟ್ಟುಹೋದ ಕಥೆ ಕೇಳದವರು ಯಾರಿದ್ದಾರೆ? ಅಲ್ಲಿ ತ್ರೀ ಫೇಸ್, ಇಲ್ಲಿ ಎರಡು ಲೈನ್. ಕಾಯಿಲೆ ಒಂದೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಾಡಿ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದು 120, 120, 240 ನೋಡಿ ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ನೋಡಲೇಬೇಕು, ತಪ್ಪಿಲ್ಲ. ಆದರೆ ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. ಸಡಿಲವಾದ, ತುಕ್ಕು ಹಿಡಿದ ನ್ಯೂಟ್ರಲ್ ಕೂಡ ಅಷ್ಟನ್ನು ಸಾಗಿಸುತ್ತದೆ. ಲೋಡ್ ಬಿದ್ದಾಗಲೇ ಅದರ ಬಂಡವಾಳ ಬಯಲಾಗುವುದು. ಅದಕ್ಕೆ ನಾನು 1,500 ವಾಟಿನ ಒಂದು ಸಣ್ಣ ಹೀಟರ್ ಇಟ್ಟುಕೊಂಡಿದ್ದೇನೆ. ಅದನ್ನು ಅದೇ ಪೆಟ್ಟಿಗೆಯ 20 ಆಂಪ್ ಸಾಕೆಟ್‌ಗೆ ಹಾಕಿ, 50ರ ಸಾಕೆಟ್‌ನಲ್ಲಿ ಎರಡೂ ಫೇಸ್ ಅಳೆಯುತ್ತೇನೆ. ಹೀಟರ್ ಇರುವ ಕಡೆ ವೋಲ್ಟೇಜ್ ಸ್ವಲ್ಪ ಇಳಿಯುವುದು ಸಹಜ. ಇನ್ನೊಂದು ಕಡೆ ಒಂದೆರಡು ವೋಲ್ಟ್ ಏರಿದರೂ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಏರಿದರೆ ಆ ಪೆಟ್ಟಿಗೆಗೆ ಬರುವ ನ್ಯೂಟ್ರಲ್ ಸರಿಯಿಲ್ಲ. ಆ ಸೈಟ್ ಬೇಡ.

ಇಷ್ಟಾದರೂ ರಾತ್ರಿ ಎರಡು ಗಂಟೆಗೆ ಸ್ಕ್ರೂ ಸಡಿಲವಾದರೆ ಯಾರು ಮೀಟರ್ ಹಿಡಿದು ನಿಂತಿರುತ್ತಾರೆ? ಅದಕ್ಕೇ ಇಎಂಎಸ್ ಬೇಕು. ಕಂಬಕ್ಕೂ ಗಾಡಿಗೂ ನಡುವೆ ಕೂರುವ ಪೆಟ್ಟಿಗೆ ಅದು. ವೋಲ್ಟೇಜ್, ನ್ಯೂಟ್ರಲ್, ಅರ್ಥ್, ಫೇಸ್-ನ್ಯೂಟ್ರಲ್ ಅದಲು ಬದಲು, ಎಲ್ಲವನ್ನೂ ಪೂರ್ತಿ ಹೊತ್ತು ನೋಡುತ್ತಿರುತ್ತದೆ. ಜಾಸ್ತಿ ಬಳಕೆಯಲ್ಲಿರುವವು 104 ವೋಲ್ಟ್‌ಗಿಂತ ಕೆಳಗೆ ಹೋದರೂ 132ಕ್ಕಿಂತ ಮೇಲೆ ಹೋದರೂ ಕರೆಂಟ್ ಕತ್ತರಿಸುತ್ತವೆ. ಮತ್ತೆ ಕೊಡುವ ಮೊದಲು ಎರಡು ನಿಮಿಷದಷ್ಟು ಕಾಯುತ್ತವೆ. ನಿಂತ ಎಸಿ ಕಂಪ್ರೆಸರ್‌ನಲ್ಲಿ ಒತ್ತಡ ಇಳಿಯಲು ಆ ಹೊತ್ತು ಬೇಕು.

ಅಂಗಡಿಯಲ್ಲಿ ಇದರ ಪಕ್ಕದಲ್ಲೇ, ನೋಡಲು ಇದರಂತೆಯೇ ಇರುವ, ಬೆಲೆ ಕಡಿಮೆಯ ಸರ್ಜ್ ಪ್ರೊಟೆಕ್ಟರ್ ಇಟ್ಟಿರುತ್ತಾರೆ. ಬಹಳ ಜನ ಮೋಸ ಹೋಗುವುದು ಇಲ್ಲೇ. ಸರ್ಜ್ ಪ್ರೊಟೆಕ್ಟರ್ ತಡೆಯುವುದು ಕ್ಷಣಮಾತ್ರ ನುಗ್ಗುವ ಹೊಡೆತವನ್ನು. ಗಂಟೆಗಟ್ಟಲೆ 98 ವೋಲ್ಟ್ ಬಂದರೆ ಅದಕ್ಕೆ ಸಂಬಂಧವೇ ಇಲ್ಲ. ಡಬ್ಬದ ಮೇಲೆ 'ಲೋ ವೋಲ್ಟೇಜ್ ಕಟ್ ಆಫ್', 'ಓಪನ್ ನ್ಯೂಟ್ರಲ್' ಅಂತ ಇದೆಯೇ ಓದಿ ನೋಡಿ ತೆಗೆದುಕೊಳ್ಳಿ. ಬೆಲೆ ನೂರಾರು ಡಾಲರ್ ನಿಜ. ಆದರೆ ಮೇಲ್ಛಾವಣಿಯ ಒಂದು ಎಸಿ ಬದಲಿಸಲು ಸಾವಿರ ಡಾಲರ್ ದಾಟುತ್ತದೆ.

ಲೋ ವೋಲ್ಟೇಜ್ ಬೇಸಿಗೆಯ ಕಾಟ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 551ನೇ ಭಾಗ ಆರ್‌ವಿಗಳಿಗೆ, ಆರ್‌ವಿ ಪಾರ್ಕ್‌ಗಳಿಗೆ ಮೀಸಲು. ಅದರ ಪ್ರಕಾರ 36 ಅಥವಾ ಅದಕ್ಕಿಂತ ಜಾಸ್ತಿ ಸೈಟ್ ಇರುವ ಕಡೆ ಒಟ್ಟು ಲೋಡ್‌ನ ಶೇಕಡಾ 41ರಷ್ಟನ್ನು ಲೆಕ್ಕಕ್ಕೆ ಹಿಡಿದು ಲೈನ್ ಹಾಕಿದರೆ ಸಾಕು. ಎಲ್ಲರೂ ಒಟ್ಟಿಗೆ ಪೂರ್ತಿ ಕರೆಂಟ್ ಎಳೆಯುವುದಿಲ್ಲ ಅನ್ನುವ ಲೆಕ್ಕ. ಮಾರ್ಚ್‌ನಲ್ಲಿ ಅದು ಸರಿ. ಜುಲೈ ಮಧ್ಯಾಹ್ನ ಫೀನಿಕ್ಸ್ ಸುತ್ತಮುತ್ತ 43–44 ಡಿಗ್ರಿ ಇರುವಾಗ ಪಾರ್ಕ್ ತುಂಬ ಎಲ್ಲರ ಎಸಿಯೂ ಓಡುತ್ತದೆ. ಸಾಲಿನ ಕೊನೆಯ ಸೈಟಿನಲ್ಲಿ ವೋಲ್ಟೇಜ್ 105, 102 ಅಂತ ಇಳಿಯುತ್ತಾ ಹೋಗುತ್ತದೆ. ಪಂಪ್‌ಸೆಟ್ ಇರುವ ಮನೆಯಲ್ಲಿ ಬೆಳೆದವರಿಗೆ ಮುಂದಿನದು ಗೊತ್ತು. ವೋಲ್ಟೇಜ್ ಇಳಿದರೆ ಮೋಟಾರ್ ಜಾಸ್ತಿ ಆಂಪ್ ಎಳೆಯುತ್ತದೆ, ಕಾಯಿಲ್ ಕಾಯುತ್ತದೆ, ವೈಂಡಿಂಗ್ ಸುಡುತ್ತದೆ. ಎಸಿ ಕಂಪ್ರೆಸರ್ ಒಳಗಿರುವುದೂ ಮೋಟಾರೇ. ಸಾಮಾನ್ಯವಾಗಿ 115 ವೋಲ್ಟ್‌ಗೆ ಮಾಡಿರುತ್ತಾರೆ. ಅದರಿಂದ ಶೇಕಡಾ 10 ಕಳೆದರೆ 103.5. ಇಎಂಎಸ್ 104ಕ್ಕೆ ಕತ್ತರಿಸುವುದು ಈ ಲೆಕ್ಕದಲ್ಲೇ.

ಆಗ ಮಾಡಬೇಕಾದದ್ದು ಲೋಡ್ ಇಳಿಸುವುದು. ಫ್ರಿಜ್ ಗ್ಯಾಸ್‌ನಲ್ಲಿ ಓಡುವಂಥದ್ದಾದರೆ ಗ್ಯಾಸ್‌ಗೆ ತಿರುಗಿಸಿ. ನೀರು ಕಾಯಿಸುವುದೂ ಗ್ಯಾಸ್‌ನಲ್ಲೇ ಆಗಲಿ. ಎಸಿ ಓಡುತ್ತಿರುವಾಗ ಮೈಕ್ರೋವೇವ್ ಬೇಡ. ವೋಲ್ಟೇಜನ್ನು ಸುಮಾರು ಶೇಕಡಾ 10 ಏರಿಸಿಕೊಡುವ ಆಟೋಫಾರ್ಮರ್ ಅನ್ನುವ ಯಂತ್ರವೂ ಸಿಗುತ್ತದೆ. ಆದರೆ ನಿಮಗೆ ಏರಿಸಿ ಕೊಡುವಷ್ಟನ್ನು ಅದು ಕಂಬದಿಂದ ಜಾಸ್ತಿ ಆಂಪ್ ಎಳೆದೇ ಕೊಡಬೇಕು. ಮೊದಲೇ ಸೊರಗಿದ ಲೈನಿಗೆ ಅದು ಇನ್ನಷ್ಟು ಭಾರ. ನಾನಂತೂ ಅದನ್ನು ಮೊದಲ ಮದ್ದಾಗಿ ಹೇಳುವುದಿಲ್ಲ.

ಸ್ವಂತ ಆರ್‌ವಿ ಕೊಂಡವರಿಗೆ ಒಂದು ಮಾತು. ಮನೆಯ ಗ್ಯಾರೇಜ್ ಪಕ್ಕ 30 ಆಂಪ್ ಸಾಕೆಟ್ ಹಾಕಿಸುತ್ತೀರಿ ಅಲ್ವಾ? ನಮ್ಮವರೊಬ್ಬರು ಹಾಗೆ ಹಾಕಿಸಿ, "ಒಮ್ಮೆ ನೋಡಿ ಹೋಗಿ ಅಣ್ಣಾ" ಅಂತ ಕರೆದಿದ್ದರು. ಸಾಕೆಟ್ ಫಳಫಳ ಹೊಸದು, ಕೆಲಸ ಅಚ್ಚುಕಟ್ಟು. ಮೀಟರ್ ಇಟ್ಟರೆ 240. ಮನೆ ಎಲೆಕ್ಟ್ರಿಷಿಯನ್‌ಗಳಿಗೆ 30 ಆಂಪ್ ಅಂದರೆ ಬಟ್ಟೆ ಒಣಗಿಸುವ ಡ್ರೈಯರ್ ನೆನಪಾಗುತ್ತದೆ, ಅದು 240 ವೋಲ್ಟಿನದು. ಅದೇ ಅಭ್ಯಾಸದಲ್ಲಿ ಆರ್‌ವಿ ಸಾಕೆಟ್‌ಗೂ ಎರಡು ಫೇಸ್ ಕೊಟ್ಟುಬಿಡುತ್ತಾರೆ. ಸಿಕ್ಕಿಸಿದ್ದರೆ ಗಾಡಿಯ 120 ವೋಲ್ಟ್ ಸಾಮಾನೆಲ್ಲ ಒಂದೇ ಏಟಿಗೆ ಹೋಗುತ್ತಿತ್ತು. ಮೀಟರ್ ಇಲ್ಲದೆಯೂ ಗುರುತು ಹಿಡಿಯಬಹುದು. ಮನೆಯ ಪ್ಯಾನಲ್‌ನಲ್ಲಿ ಆ ಸಾಕೆಟ್‌ನ ಬ್ರೇಕರ್ ಸಿಂಗಲ್ ಪೋಲ್ ಇರಬೇಕು. ಎರಡು ಬ್ರೇಕರ್ ಜೋಡಿಸಿದಂತೆ ಅಗಲವಾದ ಡಬಲ್ ಪೋಲ್ ಇದ್ದರೆ ಸಿಕ್ಕಿಸಬೇಡಿ.

ಇಲ್ಲಿಯವರೆಗೆ ಹೇಳಿದ್ದು ಸಾಮಾನು ಸುಡುವ ಮಾತು. ಅರ್ಥ್ ಇಲ್ಲದ ಕಂಬ ಮನುಷ್ಯನನ್ನೇ ಕೊಲ್ಲಬಹುದು. ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ. ಅದರ ಲೋಹದ ಮೈಗೆ ಭರವಸೆಯ ಅರ್ಥ್ ಇರುವುದು ಆ ಕೇಬಲ್‌ನ ಅರ್ಥ್ ವೈರ್ ಮೂಲಕ ಮಾತ್ರ. ಕಂಬದಲ್ಲಿ ಅದು ಕಡಿದಿದ್ದು, ಗಾಡಿಯೊಳಗೆ ಎಲ್ಲೋ ಫೇಸ್ ಲೀಕ್ ಆದರೆ ಇಡೀ ಗಾಡಿಯ ಮೈಗೇ ಕರೆಂಟ್ ಬರುತ್ತದೆ. ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯುತ್ತದೆ. "ಮುಟ್ಟಿದರೆ ಸ್ವಲ್ಪ ಜುಂ ಅನ್ನುತ್ತೆ, ಪರವಾಗಿಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಪರವಾಗಿಲ್ಲ ಅನ್ನಬೇಡಿ. ಇವತ್ತು ಒಣ ನೆಲದಲ್ಲಿ ಜುಂ ಅಂದದ್ದು ನಾಳೆ ಮಳೆಯಲ್ಲಿ ಎದೆಗೆ ಹೊಡೆಯಬಹುದು. ಗಾಡಿ ಮುಟ್ಟದೆ ಹೋಗಿ ಕಂಬದ ಬ್ರೇಕರ್ ಆಫ್ ಮಾಡಿ. ಆ ಪೆಟ್ಟಿಗೆ ಲೋಹದ್ದಾದರೆ ಮೊದಲು ಅದಕ್ಕೇ ಪೆನ್ ಟೆಸ್ಟರ್ ಹಿಡಿದು ನೋಡಿ. ಮುಟ್ಟದೆ, ಹತ್ತಿರ ತಂದರೆ ಸಾಕು, ಕರೆಂಟ್ ಇದ್ದರೆ ಬೀಪ್ ಅನ್ನುವ ಪೆನ್ ಅದು. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಕೆಲವರು ಗಾಡಿ ಪಕ್ಕ ಕಬ್ಬಿಣದ ಸಲಾಕೆ ಹೊಡೆದು ವೈರ್ ಕಟ್ಟುತ್ತಾರೆ. ಅರ್ಥ್ ಆಯ್ತಲ್ಲ ಅನ್ನುತ್ತಾರೆ. ಆಗುವುದಿಲ್ಲ. ಮಣ್ಣಿನ ರೆಸಿಸ್ಟೆನ್ಸ್ 25 ಓಮ್ ಅಂತ ಹಿಡಿದರೂ 120 ವೋಲ್ಟ್‌ಗೆ ಹರಿಯುವುದು 4.8 ಆಂಪ್. ಅದಕ್ಕೆ 30ರ ಬ್ರೇಕರ್ ಬೀಳುವುದಿಲ್ಲ, ಗಾಡಿ ಮೈಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಬ್ರೇಕರ್ ಬೀಳಬೇಕಾದರೆ ತಾಮ್ರದ ಅರ್ಥ್ ವೈರ್ ಪ್ಯಾನಲ್‌ವರೆಗೂ ಸರಿಯಾಗಿ ತಲುಪಬೇಕು.

ಸೈಟಿಗೆ ಬಂದಾಗ ಕ್ರಮ ಹೀಗಿರಲಿ. ಮೊದಲು ಸಾಕೆಟ್ ಕಣ್ಣಿಂದ ನೋಡಿ. ಪ್ಲಾಸ್ಟಿಕ್ ಕರಗಿದ್ದರೆ, ತೂತಿನ ಸುತ್ತ ಕಪ್ಪಾಗಿದ್ದರೆ, ಪ್ಲಗ್ ಸಡಿಲ ಕೂತರೆ ಬೇರೆ ಸೈಟ್ ಕೇಳಿ. ಬ್ರೇಕರ್ ಆಫ್ ಇರುವಾಗ ಇಎಂಎಸ್ ಸಿಕ್ಕಿಸಿ. ಆನ್ ಮಾಡಿ ಅದು ಸರಿ ಅಂತ ತೋರಿಸಿದ ಮೇಲೆ ಮತ್ತೆ ಆಫ್ ಮಾಡಿ, ಗಾಡಿಯ ಕೇಬಲ್ ಸೇರಿಸಿ ಆನ್ ಮಾಡಿ. ಹೊರಡುವಾಗ ಒಳಗೆ ಎಸಿ ನಿಲ್ಲಿಸಿ, ಬ್ರೇಕರ್ ಆಫ್ ಮಾಡಿ, ಆಮೇಲೆ ಕೀಳಿ. ಎಸಿ ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಕಿಡಿ ಹಾರಿ ಪಿನ್ ಕಪ್ಪಾಗುತ್ತದೆ. ಮುಂದೆ ಬರುವವರಿಗೆ ಸಿಗುವುದು ಆ ಸುಟ್ಟ ಸಾಕೆಟ್ಟೇ. ಗುಡುಗು ಸಿಡಿಲು ಹತ್ತಿರ ಬರುವ ಮೊದಲೇ ಕೇಬಲ್ ಕಿತ್ತಿಡಿ. ನೇರ ಸಿಡಿಲಿಗೆ ಯಾವ ಇಎಂಎಸ್ಸೂ ತಡೆಯಲ್ಲ.

ಪೆಟ್ಟಿಗೆ ನೀವೇ ಬಿಚ್ಚಲು ಹೋಗಬೇಡಿ. ಆಫೀಸಿಗೆ ಹೋಗಿ ಇಎಂಎಸ್ ತೋರಿಸಿದ ಕೋಡನ್ನೋ, ಮೀಟರಿನ ಅಂಕಿಯನ್ನೋ ಫೋಟೋ ತೋರಿಸಿ. ಬರೀ "ಕರೆಂಟ್ ಸರಿಯಿಲ್ಲ" ಅಂದರೆ ವಾದ ಶುರುವಾಗುತ್ತದೆ. "ಒಂದು ಕಡೆ 163, ಇನ್ನೊಂದು ಕಡೆ 77" ಅಂದರೆ ಅವರೂ ಎದ್ದು ಬರುತ್ತಾರೆ.

ಬಾಡಿಗೆಗೆ ತೆಗೆದುಕೊಳ್ಳುವವರು ಕೀಲಿ ಕೈಗೆ ಬರುವ ಮೊದಲೇ ಕೇಳಿ: ಗಾಡಿಯಲ್ಲಿ ಇಎಂಎಸ್ ಇದೆಯೇ, ಎಲ್ಲಿದೆ, ಬರೀ ಸರ್ಜ್ ಪ್ರೊಟೆಕ್ಟರ್ರಾ? ಇಲ್ಲದಿದ್ದರೆ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಎಲ್ಲ ಕಡೆ ಇದು ಬೇಕಾಗುವುದೂ ಇಲ್ಲ. ಯೊಸೆಮಿಟಿಯೊಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಸಾಕೆಟ್ಟೇ ಇಲ್ಲ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಇರುವುದು ಫಿಶಿಂಗ್ ಬ್ರಿಡ್ಜ್ ಒಂದರಲ್ಲೇ. ಗ್ರಾಂಡ್ ಕ್ಯಾನಿಯನ್ ಸೌತ್ ರಿಮ್‌ನಲ್ಲಿ ಮೇದರ್ ಕ್ಯಾಂಪ್‌ಗ್ರೌಂಡಿಗೆ ಕರೆಂಟ್ ಇಲ್ಲ, ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಇದೆ. ಎಲ್ಲೆಲ್ಲಿ ಉಳಿಯುತ್ತೀರಿ ಅಂತ ಮೊದಲೇ ಬರೆದುಕೊಂಡರೆ ಬೇಕೋ ಬೇಡವೋ ಅಂತ ಅಲ್ಲೇ ಗೊತ್ತಾಗುತ್ತದೆ. ಅಪ್ಪ-ಅಮ್ಮ ಜೊತೆಗಿದ್ದರೆ ಅವರನ್ನು ಗಾಡಿಯಿಂದ ಇಳಿಸಿ ಕುರ್ಚಿ ಹಾಕಿ ದೂರ ಕೂರಿಸಿ, ಕೇಬಲ್ ಸಿಕ್ಕಿಸಿ, ಪೆನ್ ಟೆಸ್ಟರ್ ಬಾಗಿಲ ಹಿಡಿಗೆ ಹಿಡಿದು ನೋಡಿದ ಮೇಲೆಯೇ ಹತ್ತಲು ಹೇಳಿ.